ಪೀಪಾಯಿಯಲ್ಲಿ ಮಾಗಿದ ಇಂಧನ

ಕೆಟ್ಟ ಕೆಲಸ ಮಾಡಿ ಹೆಸರು ಕೆಡಿಸಿಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗಾಗಿ ಶಾಯಿ ಖರ್ಚು ಮಾಡಬೇಕಾದ ಅಗತ್ಯವಿಲ್ಲ. ಆದರೆ ತಾನು ಮಾಡಿದ ಒಂದು ತಪ್ಪನ್ನು ಮುಚ್ಚಿಡುವುದಕ್ಕಾಗಿ, ತಾನು ಮಾಡದೆಯೇ ಇದ್ದ ಇನ್ನೊಂದು ತಪ್ಪಿನ ಹೆಸರನ್ನು ತಲೆಯ ಮೇಲೆ ಹೊತ್ತು, ಒಂದು ಇಡೀ ಮಳೆಗಾಲ ಬೀದಿಯಲ್ಲಿ ತಲೆತಗ್ಗಿಸಿ ನಡೆದ ಮನುಷ್ಯ ಅಪರೂಪ. ಬ್ರೆಜಿಲ್ ದೇಶದ ಸಾವೊ ಪೌಲೊ ಸೀಮೆಯ ಒಳನಾಡಿನಲ್ಲಿ, ಸಾಂತಾ ರುಫೀನಾ ಎಂಬ ಊರಿನಲ್ಲಿ, ಗುಂಡಿ, ನೂಲು, ರಿಬ್ಬನ್ನುಗಳ ಅಂಗಡಿ ಇಟ್ಟಿದ್ದ ಎವಿಲಾಸಿಯೊ ತ್ರೊಂಬೀನಿ ಅಂಥವನು.

ಅವನಿಗೆ ದುಶ್ಚಟಗಳಿರಲಿಲ್ಲ. ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಊರಿನ ಪಾನನಿರೋಧ ಸಂಘದ ಕಾರ್ಯದರ್ಶಿಯೂ ಆಗಿದ್ದ. ಅವನಿಗಿದ್ದದ್ದು ಒಂದೇ ಒಂದು ಅಹಂಕಾರ: ಮುಂದೆ ಬರುವುದನ್ನು ಮೊದಲೇ ಕಾಣುವ ಬುದ್ಧಿ ತನಗೆ ಹುಟ್ಟಿನಿಂದ ಬಂದಿದೆ ಎಂಬುದು. ಬಿಳಿ ಗುಂಡಿ ಕೊಳ್ಳಲು ಬಂದವರಿಗೆ, "ಕಪ್ಪು ಗುಂಡೀನೂ ನಾಲ್ಕು ತಗೊಂಡಿರಿ. ನಿಮ್ಮ ಮಾವನಿಗೆ ವಯಸ್ಸಾಯ್ತಲ್ಲ, ಸೂತಕದ ಕೋಟಿಗೆ ಬೇಕಾಗುತ್ತೆ," ಎಂದು ಹೇಳಿಕಳಿಸುವಷ್ಟು ದೂರದೃಷ್ಟಿ ಅವನದು.

ಎಂಬತ್ತೊಂಬತ್ತನೆಯ ಇಸವಿಯಲ್ಲಿ ಆ ಬುದ್ಧಿಗೆ ಪರೀಕ್ಷೆ ಬಂತು. ಕಬ್ಬಿನಿಂದ ತೆಗೆದ ಎಥನಾಲಿನ ಮೇಲೆ ಓಡುವ ಕಾರನ್ನು ಕೊಳ್ಳಿರೆಂದು ಸರ್ಕಾರ ಹತ್ತು ವರ್ಷ ಬೋಧಿಸಿತ್ತು. ಜನ ನಂಬಿ ಕೊಂಡಿದ್ದರು. ಕೊಂಡು ಮುಗಿಸಿದ ಮೇಲೆ ಎಥನಾಲ್ ಮುಗಿಯಿತು. ನಾಲ್ಕು ದಿಕ್ಕಿಗೂ ಕಣ್ಣು ಸೋಲುವವರೆಗೆ ಕಬ್ಬು ನಿಂತಿರುವ ಊರಿನಲ್ಲಿ, ಕಬ್ಬಿನ ರಸಕ್ಕಾಗಿ ಕಾರುಗಳು ಬಂಕಿನಿಂದ ಸ್ಮಶಾನದ ಗೋಡೆಯವರೆಗೆ ಸಾಲುಗಟ್ಟಿದವು. ಸಾಲಿನಲ್ಲಿ ಎಂಜಿನ್ ಹಚ್ಚುವಂತಿಲ್ಲ, ಇದ್ದದ್ದೂ ಉರಿದುಹೋಗುತ್ತದೆ. ಆದುದರಿಂದ ಸಂಸಾರಸ್ಥರೆಲ್ಲ ಹೆಂಡತಿಯನ್ನು ಸ್ಟಿಯರಿಂಗಿನಲ್ಲಿ ಕೂರಿಸಿ, ತಾವು ಹಿಂದಿನಿಂದ ಕಾರನ್ನು ತಳ್ಳುತ್ತ ಹೋಗುತ್ತಿದ್ದರು. ಪ್ರಜೆಗಳನ್ನು ಇಂಥ ಸ್ಥಿತಿಗೆ ತಂದವರು ರಾತ್ರಿ ಹೇಗೆ ನಿದ್ದೆ ಮಾಡುತ್ತಾರೆಂಬುದು ವಿಚಾರವಂತರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಅದೇ ವಾರದಲ್ಲಿ ಎವಿಲಾಸಿಯೊನ ಒಬ್ಬಳೇ ಮಗಳು ಮರಿಲ್ಡಾ ಬಸುರಿಯ ತಪಾಸಣೆಗೆ ಹೋಗಿಬಂದಳು. ಅವಳ ಗಂಡ ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಉತ್ತರದ ಕಾಡುಸೀಮೆಯಲ್ಲಿರುತ್ತಿದ್ದ; ಹೊಣೆಯೆಲ್ಲ ತಂದೆಯದು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಇವಳ ಸೊಂಟದೆಲುಬು ತೀರಾ ಕಿರಿದು. ಇಲ್ಲಿ ಆಗೋ ಹೆರಿಗೆ ಅಲ್ಲ ಇದು. ನೋವು ಶುರುವಾದ ತಕ್ಷಣ ನಗರದ ಆಸ್ಪತ್ರೆಗೆ ಓಡಬೇಕು. ತಡ ಮಾಡಿದ್ರೆ ಯಾರಿಗೆ ಏನಾಗುತ್ತೆ ಅಂತ ನಾನು ಹೇಳಲಾರೆ."

ನಗರ ಒಂದು ಗಂಟೆಯ ದಾರಿ. ಹೆರಿಗೆಯ ದಿನ ಫೆಬ್ರವರಿಯಲ್ಲಿ. ಆಗಿನ್ನೂ ಅಕ್ಟೋಬರ್ ನಡೆಯುತ್ತಿತ್ತು.

ಎವಿಲಾಸಿಯೊ ಆ ತಿಂಗಳೆಲ್ಲ ನಸುಕಿನಲ್ಲಿ ಎದ್ದು ಸಾಲಿನಲ್ಲಿ ನಿಂತ. ಬಂಕಿನವರು ಕೊಟ್ಟಷ್ಟನ್ನು ಟ್ಯಾಂಕಿಗೆ ಹಾಕಿಸಿಕೊಂಡು ಬಂದು, ಮನೆಯಲ್ಲಿ ರಬ್ಬರ್ ಕೊಳವೆಯಿಂದ ಹೊರಗೆಳೆದ. ಟ್ಯಾಂಕಿನಲ್ಲೇ ಬಿಡುವಂತಿರಲಿಲ್ಲ; ಬೀದಿಯಲ್ಲಿ ನಿಂತ ಕಾರುಗಳ ಟ್ಯಾಂಕಿನಿಂದ ಇಂಧನ ಕದಿಯುವುದು ಆಗ ಗೌರವಸ್ಥರ ಮಕ್ಕಳಿಗೂ ಅಭ್ಯಾಸವಾಗಿತ್ತು. ಎಳೆದದ್ದನ್ನು ಎಲ್ಲಿಡಬೇಕೆಂಬಲ್ಲಿ ಅವನ ದೂರದೃಷ್ಟಿ ತನ್ನ ಶಿಖರವನ್ನು ಮುಟ್ಟಿತು. ಗ್ಯಾರೇಜಿನ ಮೂಲೆಯಲ್ಲಿ ಅವನ ಅಜ್ಜ ಕಬ್ಬಿನ ಸಾರಾಯಿ ಮಾಗಿಸಲು ಇಟ್ಟುಕೊಂಡಿದ್ದ ಮರದ ಪೀಪಾಯಿಯೊಂದಿತ್ತು. ಖಾಲಿಯಾಗಿ ಮೂವತ್ತು ವರ್ಷವಾಗಿದ್ದರೂ ಅದರ ಹಲಗೆಗಳಿಂದ ಇನ್ನೂ ದಾಲ್ಚಿನ್ನಿಯಂಥ ಪರಿಮಳ ಬರುತ್ತಿತ್ತು.

"ಇದರಲ್ಲಾ?" ಎಂದಳು ಹೆಂಡತಿ, ಊರವರು ಗೌರವದಿಂದ ದೋನಾ ಎಂದು ಕರೆಯುವ ಒಲಿಂಪಿಯಾ. "ತಗಡಿನ ಡಬ್ಬಿ ಇದೆಯಲ್ರೀ, ಭದ್ರವಾಗಿ ಮುಚ್ಚಳ ಇರೋದು."

"ಡಬ್ಬೀಲಿಟ್ರೆ ಹಾಕಿದ್ದು ಹಾಕಿದ ಹಾಗೇ ಇರುತ್ತೆ, ಅಷ್ಟೇ. ಕಬ್ಬಿನ ಸಾರಾಯಿ ಯಾವುದರಿಂದ ಆಗುತ್ತೆ?"

"ಕಬ್ಬಿಂದ."

"ಎಥನಾಲ್?"

"ಅದೂ ಕಬ್ಬಿಂದಾನೇ. ಅದಕ್ಕೇನೀಗ?"

"ಎರಡೂ ಒಂದೇ ತಾಯಿ ಮಕ್ಕಳು. ಅಣ್ಣ ಮರದಲ್ಲಿ ಮಾಗಿ ಬಲ ಪಡೀತಾನೆ ಅಂದ್ರೆ ತಮ್ಮನಿಗೆ ಯಾಕೆ ಬರಬಾರದು? ಫೆಬ್ರವರಿ ಹೊತ್ತಿಗೆ ಒಂದು ಲೀಟರು ಎರಡು ಲೀಟರಿನ ಕೆಲಸ ಮಾಡದಿದ್ರೆ ಕೇಳು."

"ಕಾರು ಕುಡಿಯೋದಕ್ಕೆ ರುಚಿ ಯಾಕ್ರೀ?"

ಇದು ಈ ಕಥೆಯಲ್ಲಿ ಮೊದಲಿಂದ ಕಡೆಯವರೆಗೆ ಯಾರಾದರೂ ಕೇಳಿದ ಅತ್ಯಂತ ವಿವೇಕದ ಪ್ರಶ್ನೆ. ಎವಿಲಾಸಿಯೊ ಒಣಗಿದ ಹಲಗೆಗಳು ಉಬ್ಬಿ ಕೂಡಿಕೊಳ್ಳಲೆಂದು ಪೀಪಾಯಿಯನ್ನು ನೀರಿನಲ್ಲಿ ನೆನೆಹಾಕಿದ, ಎಥನಾಲ್ ತುಂಬಿದ, ಬಾಯಿಗೆ ಬಿರಡೆಯನ್ನು ಸಡಿಲವಾಗಿ ಇಟ್ಟು ಮೇಲೊಂದು ತೆಳುಬಟ್ಟೆ ಹೊದಿಸಿದ. ಮಾಗುವ ವಸ್ತು ಉಸಿರಾಡಬೇಕೆಂಬುದು ಅವನ ಅಜ್ಜನ ಮತವಾಗಿತ್ತು.

"ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದು ಹೆಂಡತಿಗೆ ಹೇಳಿದ. "ಮನೇಲಿ ಕೂಡಿಡೋದು ಕಾನೂನಿಗೆ ವಿರೋಧ. ಊರಿಗೆ ಗೊತ್ತಾದ್ರೆ ಒಂದು ಹನಿ ಉಳಿಯಲ್ಲ. ಮಗೂನ ನೆನಪಿಟ್ಕೊ."

ಊರೆಲ್ಲ ಬರಿಗೈಯಲ್ಲಿರುವಾಗ ಒಬ್ಬನು ಬಚ್ಚಿಡುವುದು ಪಾಪವೇ. ಕಾರಣ ಎಷ್ಟು ಮೃದುವಾಗಿದ್ದರೂ ಪಾಪವೇ. ಕ್ರಿಸ್‌ಮಸ್ಸಿನ ಮುಂಚೆ ಮೆಕ್ಯಾನಿಕ್ ಗುಮೆರ್ಸಿಂದೊ ಬಂದು, "ನಮ್ಮವ್ವನ್ನ ನಗರದ ಆಸ್ಪತ್ರೆಯಿಂದ ಬಿಟ್ಟಿದಾರೆ ಅಣ್ಣಾ, ಕರ್ಕೊಂಡು ಬರಬೇಕು. ಎಲ್ಲಾದ್ರೂ ಸ್ವಲ್ಪ ಎಥನಾಲ್ ಇದೆಯಾ?" ಎಂದು ಕೇಳಿದಾಗ, ಎವಿಲಾಸಿಯೊ ಗುಂಡಿಗಳ ಖಾನೆಯೊಳಗೆ ತಲೆ ತೂರಿಸಿ, "ಎಲ್ಲಿಂದ ತರಲಿ ಮಾರಾಯ," ಎಂದ. ಗುಮೆರ್ಸಿಂದೊ ತಾಯಿಯನ್ನು ಬಸ್ಸಿನಲ್ಲಿ, ನಿಂತ ಜನರ ನಡುವೆ, ಕೈಹಿಡಿದು ಕರೆತಂದ. ಎವಿಲಾಸಿಯೊ ಅದನ್ನು ಅಂಗಡಿಯ ಬಾಗಿಲಿನಿಂದ ಕಂಡ. ಆ ದಿನ ಊಟ ಮಾಡಲಿಲ್ಲ. ಆದರೆ ಪೀಪಾಯಿಯ ವಿಷಯ ಹೇಳಲೂ ಇಲ್ಲ.

ಅಷ್ಟರಲ್ಲಾಗಲೇ ಪೀಪಾಯಿ ತಾನೇ ಮಾತಾಡಿಬಿಟ್ಟಿತ್ತು.

ಪ್ರತಿ ಸಂಜೆ ಅಂಗಡಿ ಮುಚ್ಚಿದ ಮೇಲೆ ಎವಿಲಾಸಿಯೊ ಗ್ಯಾರೇಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಬಿರಡೆ ತೆಗೆದು, ಇಂಧನ ಎಷ್ಟು ಮಾಗಿದೆಯೆಂದು ಆಳವಾಗಿ ಮೂಸಿನೋಡುತ್ತಿದ್ದ. ಆವಿ ತಲೆಗೇರಿ ಹೊರಬರುವಾಗ ಕಣ್ಣು ಕೆಂಪಾಗಿ, ಕಾಲು ಹದ ತಪ್ಪಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಹಿಂದಿನಿಂದ ದಾಲ್ಚಿನ್ನಿ ಬೆರೆತ ಸಾರಾಯಿಯ ಪರಿಮಳ ಬೀದಿಗೆ ಬರುತ್ತಿತ್ತು. ಎದುರು ಮನೆಯ ಕಿಟಕಿಯಲ್ಲಿ ದೋನಾ ಕಿತೇರಿಯಾ ಇದ್ದರು.

ದೋನಾ ಕಿತೇರಿಯಾ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ, ಪಾನನಿರೋಧ ಸಂಘದ ಅಧ್ಯಕ್ಷೆ. ಮೂರು ಸಂಜೆ ನೋಡಿದರು. ನಾಲ್ಕನೆಯ ಸಂಜೆ ಕೊಡೆ ಹಿಡಿದು ರಸ್ತೆ ದಾಟಿ ಬಂದು ಗ್ಯಾರೇಜಿನ ಬಾಗಿಲನ್ನು ಕೊಡೆಯ ತುದಿಯಿಂದಲೇ ತಳ್ಳಿದರು.

"ಕಾರ್ಯದರ್ಶಿಗಳೇ," ಎಂದರು, "ಏನಿದು?"

ಎವಿಲಾಸಿಯೊ ಪೀಪಾಯಿಯನ್ನು ನೋಡಿದ, ಅವರನ್ನು ನೋಡಿದ. ಇಂಧನವೆಂದರೆ ಕಳ್ಳದಾಸ್ತಾನುಗಾರ, ಮಗಳ ಹೆರಿಗೆಗೆ ಕೂಡಿಟ್ಟದ್ದು ಹೋಯಿತು. ಸಾರಾಯಿಯೆಂದರೆ ಕುಡುಕ, ತನ್ನ ಮಾನ ಮಾತ್ರ ಹೋಯಿತು. ಎರಡನ್ನೂ ತೂಗಿನೋಡಿ ಅವನು ನಿಟ್ಟುಸಿರಿಟ್ಟ.

"ಅಜ್ಜನ ಕಾಲದ್ದು ಟೀಚರಮ್ಮಾ."

"ಖಾಲಿ ಇದೆಯೋ, ತುಂಬಿದೆಯೋ?"

"ತುಂಬಿದೆ."

"ಸಾಮಾನ್ಯ ಕುಡುಕನಾದ್ರೆ ಅಂಗಡಿಯಿಂದ ಒಂದು ಬಾಟಲು ತರ್ತಾನೆ. ನೀವು ಪೀಪಾಯಿಗೇ ಬಾಯಿ ಹಾಕಿದೀರಿ! ನಮ್ಮ ಸಂಘದ ನಡಾವಳಿ ಬರೆದ ಕೈಯೇನ್ರೀ ಇದು? ನಿಮ್ಮ ರಾಜೀನಾಮೆ ಬರೆದುಕೊಡಿ. ಜೊತೆಗೆ ಇದರಲ್ಲಿ ಒಂದು ಬಾಟಲು ತುಂಬಿ ಕೊಡಿ."

"ಬಾಟಲಾ? ಯಾಕಮ್ಮಾ?"

"ಮಕ್ಕಳಿಗೆ ತೋರಿಸಬೇಕು. ಒಂದು ಮರ್ಯಾದಸ್ಥ ಸಂಸಾರ ಹಾಳಾಗೋದು ನೋಡೋಕೆ ಹೇಗಿರುತ್ತೆ ಅಂತ. ಕುತ್ತಿಗೆವರೆಗೂ ತುಂಬಿ. ಅರ್ಧ ಬಾಟಲು ತೋರಿಸಿದ್ರೆ ಪಾಪಾನೂ ಅರ್ಧ ಅಂದ್ಕೋತಾರೆ ಮಕ್ಕಳು."

ಅವನು ತುಂಬಿ, ಬಿರಡೆ ಒತ್ತಿ, ಅವರ ಅಪ್ಪಣೆಯಂತೆ ಮೇಣ ಕರಗಿಸಿ ಮುದ್ರೆ ಹಾಕಿ ಕೊಟ್ಟ. ಕೊಡುವಾಗ ಮನಸ್ಸು ತಡೆಯಲಿಲ್ಲ. "ದಯವಿಟ್ಟು ಯಾರೂ ಬಾಯಿಗೆ ಹಾಕಬಾರದು ಟೀಚರಮ್ಮಾ. ಒಂದು ಹನೀನೂ."

"ನನಗೆ ಹೇಳ್ತಿದೀರಾ? *ನನಗೆ*?" ಎಂದು ದೋನಾ ಕಿತೇರಿಯಾ ಬಾಟಲನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟುಹೋದರು.

ಆ ವಾರ ಎರಡು ದಿನ ಅವರು ಪಾಠವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದೇ ಮುಗಿಸಿದರು. ಗಂಟಲು ಕಟ್ಟಿದೆಯೆಂದು ಶಾಲೆಯಲ್ಲಿ ಹೇಳಿದರು. ಬಾಟಲನ್ನು ಮಕ್ಕಳಿಗೆ ತೋರಿಸಲಿಲ್ಲ.

ವಿಷಯ ಚರ್ಚಿಗೆ ಹೋಯಿತು. ಪಾದ್ರಿ ಲೀನೊ ದುಂಡಗಿನ ಮೈಯ, ಮಿದುಮಾತಿನ ಮನುಷ್ಯ. ದೋನಾ ಒಲಿಂಪಿಯಾ ಇಟ್ಟ ಕಾಫಿ, ಜೋಳದ ಕೇಕು ಮುಗಿಸಿ, ಎವಿಲಾಸಿಯೊನ ಭುಜದ ಮೇಲೆ ಕೈಯಿಟ್ಟು ಗ್ಯಾರೇಜಿಗೆ ನಡೆದರು.

"ಮಗನೇ, ಎಷ್ಟು ದಿನದಿಂದ?"

"ಅಕ್ಟೋಬರಿಂದ ಪಾದ್ರಿಗಳೇ."

"ದಿನಾಲೂ?"

"ದಿನಾಲೂ. ಆದ್ರೆ ಮೂಸಿ ನೋಡ್ತೀನಿ ಅಷ್ಟೇ, ಆಣೆಗೂ."

"ಎಲ್ಲರೂ ಹಾಗೇ ಹೇಳ್ತಾರೆ," ಎಂದು ಪಾದ್ರಿಗಳು ಕರುಣೆಯಿಂದ ನಕ್ಕರು. "ಭಾನುವಾರ ನೀನು ವೇದಿಕೆ ಮೇಲೆ ವಾಚನ ಮಾಡೋದು ಬೇಡ. ಜನ ನೋಡ್ತಾರೆ. ಇನ್ನು ಈ ಪ್ರಲೋಭನೆ... ಇದನ್ನ ಒಂದೇ ಸಲ ಹೊರಗೆ ಚೆಲ್ಲಿಬಿಡು ಅಂದ್ರೆ ನಿನ್ನ ಕೈಲಿ ಆಗಲ್ಲ. ಸ್ವಲ್ಪ ಭಾರಾನ ನಾನು ಹೊರ್ತೀನಿ. ಒಂದು ಬಾಟಲು ಕೊಡು. ತುಂಬಾ ಕೊಡು."

ಮುಂದಿನ ಭಾನುವಾರ ಪಾದ್ರಿಗಳ ಪ್ರವಚನ ಹಿಂದಿನ ಬೆಂಚುಗಳಿಗೆ ಕೇಳಿಸಲಿಲ್ಲ. ಮುಂದೆ ಕುಳಿತವರಿಗೆ ಅವರ ಕೆಳತುಟಿಯ ಮೇಲೆ ಒಂದು ಗುಳ್ಳೆ ಕಾಣಿಸಿತು. ಬಿಸಿ ಗಂಜಿ ತಾಗಿತೆಂದರು.

ಮೂರನೆಯವರಾಗಿ ಬಂದವರು ಪೊಲೀಸ್ ಇನ್‌ಸ್ಪೆಕ್ಟರ್ ಬೊನ್‌ಫಾಂಚಿ. ಅವರು ನೈತಿಕ ಪ್ರಶ್ನೆಗಳನ್ನು ಕೇಳಲಿಲ್ಲ. ಅಧಿಕಾರಕ್ಕೆ ಅದರ ಅಗತ್ಯವಿರುವುದಿಲ್ಲ.

"ಪರವಾನಗಿ ಇದೆಯಾ?"

"ಯಾವುದಕ್ಕೆ ಸಾಹೇಬ್ರೇ?"

"ಯಾವುದಕ್ಕಾದ್ರೂ."

"ಗುಂಡಿ ಮಾರೋದಕ್ಕಿದೆ."

"ಗುಂಡಿ! ಇಡೀ ಊರೇ ಈ ಪರಿಮಳ ಕುಡೀತಿದೆ, ಗುಂಡಿಯಂತೆ. ನೋಡಪ್ಪಾ, ನಿನ್ನ ಮೇಲೆ ಮೊಕದ್ದಮೆ ಹಾಕೋ ಮನಸ್ಸು ನನಗಿಲ್ಲ, ಮಗಳು ಬಸುರಿ ಅಂತ ಗೊತ್ತು. ಆದ್ರೆ ರಾಜಧಾನಿ ಪ್ರಯೋಗಾಲಯಕ್ಕೆ ಮಾದರಿ ಕಳಿಸಲೇಬೇಕು," ಎಂದು ಹೇಳಿ ಅವರು ಜೀಪಿನಿಂದ ಐದು ಲೀಟರಿನ ಗಾಜಿನ ಬುಡ್ಡಿಯನ್ನು ಇಳಿಸಿದರು.

"ಮಾದರಿ ಇಷ್ಟು ದೊಡ್ಡದಾ ಸಾಹೇಬ್ರೇ?"

"ಪ್ರಯೋಗಾಲಯ ದೊಡ್ಡದು."

ಇನ್‌ಸ್ಪೆಕ್ಟರರಿಗೆ ಮರುದಿನದಿಂದ ಮಾತು ಕಡಿಮೆಯಾಯಿತು. ಪೇದೆಗಳಿಗೆ ಸನ್ನೆಯಿಂದಲೇ ಆಜ್ಞೆ ಮಾಡಿದರು.

ಈಗ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಪೀಪಾಯಿಯಲ್ಲಿ ಇದ್ದದ್ದು ಮನುಷ್ಯರು ಕುಡಿಯುವ ವಸ್ತುವಲ್ಲವೆಂದು ಈ ಮೂವರಿಗೂ ಮೊದಲ ಗುಟುಕಿನಲ್ಲಿಯೇ ತಿಳಿದುಹೋಗಿತ್ತು. ಅವರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೆ ಎವಿಲಾಸಿಯೊನ ಕುಡುಕನೆಂಬ ಕಳಂಕ ಅಂದೇ ಕಳೆಯುತ್ತಿತ್ತು. ಆದರೆ "ಅದು ಸಾರಾಯಿ ಅಲ್ಲ" ಎಂದವರನ್ನು ಜನ, "ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮುಖ್ಯೋಪಾಧ್ಯಾಯಿನಿಯ ಹತ್ತಿರವೂ ಪಾದ್ರಿಯ ಹತ್ತಿರವೂ ಪೊಲೀಸಿನವರ ಹತ್ತಿರವೂ ಉತ್ತರವಿರಲಿಲ್ಲ. ಅದಕ್ಕಾಗಿ ಒಬ್ಬ ನಿರಪರಾಧಿಯ ಮಾನವನ್ನು ಅವರು ತಮ್ಮ ತಮ್ಮ ಕಪಾಟಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರು. ಯಾರಾದರೂ ಕೇಳಿದರೆ, "ಭಾರೀ ತೀಕ್ಷ್ಣವಾದ ಸರಕಂತೆ," ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಇತ್ತ ಎವಿಲಾಸಿಯೊನ ಕೀರ್ತಿ ಬೆಳೆಯಿತು. ತಾಯಂದಿರು ಮಕ್ಕಳನ್ನು ಅವನ ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿದರು. ಹೆಂಡದಂಗಡಿಯ ಜನ ಅವನನ್ನು ಕಂಡರೆ ಎದ್ದುನಿಂತು ಟೋಪಿ ತೆಗೆಯುತ್ತಿದ್ದರು; ಇದರಿಂದ ಅವನಿಗೆ ಹೆಚ್ಚು ನೋವಾಯಿತು. ಒಂದು ದಿನ ಮರಿಲ್ಡಾ ಅಳುತ್ತ ಬಂದಳು.

"ಅಪ್ಪಾ, ಕ್ಷೌರದಂಗಡೀಲಿ ನಿನ್ನ ಹೆಸರು ಹೇಳಿ ನಗ್ತಿದಾರೆ. ನಿಜ ಹೇಳಿಬಿಡು ಅಪ್ಪಾ."

"ನಿನ್ನ ಹೊಟ್ಟೇಲಿರೋದು ಕ್ಷೇಮವಾಗಿ ಹೊರಗೆ ಬರಲಿ ಮಗಳೇ. ಅವತ್ತೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳ್ತೀನಿ. ಅಲ್ಲೀವರೆಗೂ ನಾನು ಕುಡುಕಾನೇ."

ಆ ಸೀಮೆಯಲ್ಲಿ ವರ್ಷದ ಕೊನೆಗೆ ಬರುವ ಮಳೆಗಾಲ ಜೋರಾಯಿತು. ಗೋಡೆಗಳು ಬೆವತವು, ಅಂಗಡಿಯಲ್ಲಿ ಸೂಜಿಗಳು ತುಕ್ಕು ಹಿಡಿದವು. ಪೀಪಾಯಿಯನ್ನು ಬೆರಳಿಂದ ಬಡಿದರೆ ಬರುವ ಸದ್ದು ವಾರವಾರಕ್ಕೆ ಟೊಳ್ಳಾಗುತ್ತ ಬಂತು.

"ಕಮ್ಮಿ ಆಗ್ತಿದೆಯಲ್ರೀ," ಎಂದಳು ದೋನಾ ಒಲಿಂಪಿಯಾ.

"ಕಮ್ಮಿ ಅಲ್ಲ, ಗಟ್ಟಿ ಆಗ್ತಿದೆ. ಹಾಲು ಕಾಯಿಸಿದ್ರೆ ಕೋವಾ ಆಗಲ್ವಾ?"

ಫೆಬ್ರವರಿಯ ಕಡೆಯಲ್ಲಿ, ಕಾರ್ನಿವಾಲ್ ಹಬ್ಬದ ಮಂಗಳವಾರ ಮಧ್ಯಾಹ್ನ, ಮರಿಲ್ಡಾಳಿಗೆ ನೋವು ಬಂತು.

ಆ ದಿನ ಬಸ್ಸುಗಳಿಲ್ಲ. ಪೆಟ್ರೋಲ್ ಕಾರುಗಳಿದ್ದ ಇಬ್ಬರು, ಮೇಯರು ಮತ್ತು ಡಾಕ್ಟರು, ಹಬ್ಬಕ್ಕೆ ಸಮುದ್ರತೀರಕ್ಕೆ ಹೋಗಿದ್ದರು. ಕಬ್ಬಿನ ಲಾರಿಗಳು ಕೊಯ್ಲಿನವರೆಗೆ ಕಾರ್ಖಾನೆಯ ಅಂಗಳದಲ್ಲಿ ಚಕ್ರ ಬಿಚ್ಚಿಸಿಕೊಂಡು ನಿಂತಿದ್ದವು. ಆಂಬುಲೆನ್ಸೂ ಪೊಲೀಸ್ ಜೀಪೂ ಬಂಕಿನ ಸಾಲಿನಲ್ಲಿದ್ದವು. ಇವೆಲ್ಲವನ್ನೂ ಎವಿಲಾಸಿಯೊ ಅಕ್ಟೋಬರಿನಲ್ಲಿಯೇ ಮುಂದಾಗಿ ಕಂಡಿದ್ದ. ಆದುದರಿಂದ ಅವನ ಮುಖದ ಮೇಲೆ ಗಾಬರಿಯ ಜೊತೆಗೆ, ಒಪ್ಪಿಕೊಳ್ಳಲು ನಾಚಿಕೆಯಾಗುವಂಥ ಒಂದು ತೃಪ್ತಿಯೂ ಇತ್ತು. ಮಗಳನ್ನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿದ. ಪೀಪಾಯಿಯ ತಳದ ನಲ್ಲಿ ತಿರುಗಿಸಿ, ಬಂದದ್ದನ್ನು ಟ್ಯಾಂಕಿಗೆ ಸುರಿದ. ಅದು ಚಹಾದ ಬಣ್ಣಕ್ಕೆ ತಿರುಗಿತ್ತು.

"ನೋಡಿದ್ಯಾ, ಹೇಗೆ ಮಾಗಿದೆ!" ಎಂದು ಹೆಂಡತಿಗೆ ಹೇಳಿ ಬೀಗದಕೈ ತಿರುಗಿಸಿದ.

ಪೈಪಿನಲ್ಲಿ ಉಳಿದಿದ್ದ ಹಳೆಯ ಹನಿಗಳ ಮೇಲೆ ಕಾರು ಬೀದಿಗೆ ಬಂತು. ದೋನಾ ಕಿತೇರಿಯಾರ ಬಾಗಿಲವರೆಗೆ ಹೋಯಿತು. ಅಲ್ಲಿ ಒಮ್ಮೆ ಕೆಮ್ಮಿತು; ಇನ್ನೊಮ್ಮೆ, ಮುದುಕರು ಕೆಮ್ಮಿದಂತೆ, ಉದ್ದವಾಗಿ ಕೆಮ್ಮಿತು; ನಿಂತಿತು.

ಎವಿಲಾಸಿಯೊ ಮತ್ತೆ ತಿರುಗಿಸಿದ. ಮತ್ತೆ. ಮತ್ತೆ. ಒಳಗಿನಿಂದ ಮರಿಲ್ಡಾಳ ಕೂಗು ಕೇಳಿ ಚೌಕದಲ್ಲಿದ್ದ ಡೋಲುಗಳು ನಿಂತವು. ಹಬ್ಬದ ಜನ ಓಡಿಬಂದರು. ಗಂಡಸರು ಹೆಣ್ಣುವೇಷ ಹಾಕುವ ತಂಡದ ಮುಂದೆ, ಮದುಮಗಳ ಬಿಳಿ ಗೌನು ತೊಟ್ಟು, ಎದೆಗೂದಲು ಕಾಣಿಸುತ್ತ ಗುಮೆರ್ಸಿಂದೊ ಇದ್ದ.

"ಬಾನೆಟ್ ತೆಗಿ," ಎಂದ. ಕೊಳವೆ ಕಳಚಿ, ಬಿದ್ದ ಹನಿಗಳನ್ನು ಅಂಗೈಯಲ್ಲಿ ಹಿಡಿದು ಮೂಸಿದ. ಅವನ ಹುಬ್ಬು ಗಂಟಿಕ್ಕಿತು. "ಅಣ್ಣಾ, ಏನ್ ಹಾಕಿದೀಯಾ ಇದಕ್ಕೆ?"

"ಎಥನಾಲು. ಪೀಪಾಯೀದು. ಅಕ್ಟೋಬರಿಂದ ಮಾಗಿಸಿದ್ದು."

"ಪೀಪಾಯೀಲಿ... ಬಿರಡೆ ಬಿಗಿಯಾಗಿ ಹಾಕಿದ್ದಾ?"

"ಉಸಿರಾಡಲಿ ಅಂತ ಸಡಿಲ ಬಿಟ್ಟಿದ್ದೆ."

"ಚೆನ್ನಾಗಿ ಉಸಿರಾಡಿದೆ. ಇದ್ದ ಸತ್ವಾನೆಲ್ಲ ಹೊರಗೆ ಬಿಟ್ಟು, ಮಳೆಗಾಲದ ತೇವಾನೆಲ್ಲ ಒಳಗೆ ಎಳ್ಕೊಂಡಿದೆ. ಉಳಿದಿರೋದು ಮರದ ಕಷಾಯ."

ಗುಂಪಿನಲ್ಲಿ ಗುಜುಗುಜು ಹುಟ್ಟಿತು. ಮೊದಲು ಜನರಿಗೆ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅವರು ತಣ್ಣಗಾಗಲಿಲ್ಲ.

"ಅಂದ್ರೆ ಸಾರಾಯಿ ಅಲ್ವಾ ಅದು?"

"ಇಂಧನ ಬಚ್ಚಿಟ್ಟಿದ್ನಾ! ನಾವು ಇಲ್ಲಿ ಕಾರು ತಳ್ಳಿ ತಳ್ಳಿ ಸೊಂಟ ಮುರ್ಕೊಂಡಿದ್ರೆ!"

"ಕುಡುಕ ಅಂತ ಎಷ್ಟು ಗೌರವ ಇಟ್ಕೊಂಡಿದ್ವಿ ಇವನ ಮೇಲೆ!"

ಎವಿಲಾಸಿಯೊ ಬೀದಿಯ ನಡುವೆ ಕೈಚೆಲ್ಲಿ ನಿಂತಿದ್ದ. ಎರಡು ಅಪಮಾನಗಳಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ತಪ್ಪಿಸಿಕೊಂಡೆನೆಂದು ನಂಬಿದ್ದವನಿಗೆ ಈಗ ಎರಡೂ ಒಟ್ಟಿಗೆ ಬಂದಿದ್ದವು. ಮಗಳಿಗೆ ಮಾತ್ರ ದಾರಿ ಬಂದಿರಲಿಲ್ಲ.

ಗುಮೆರ್ಸಿಂದೊ ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ಕ್ರಿಸ್‌ಮಸ್ ಹೊತ್ತಲ್ಲಿ ನಮ್ಮವ್ವಂಗೆ ಅಂತ ಬಂದಿದ್ನಲ್ಲ ಅಣ್ಣಾ. ಆವಾಗಲೂ ಇತ್ತಾ ಇದು?"

"ಇತ್ತು."

"ಒಳ್ಳೇದೇ ಇತ್ತಾ?"

"ಒಳ್ಳೇದೇ ಇತ್ತೋ ಏನೋ."

ಗುಮೆರ್ಸಿಂದೊ ಗೌನಿನ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಸರಿನಲ್ಲಿ ಅಂಗಾತ ಮಲಗಿ ಕಾರಿನಡಿಗೆ ಸರಿದ. ಟ್ಯಾಂಕಿನ ಕಷಾಯ ಚರಂಡಿಗೆ ಹರಿಯತೊಡಗಿತು. ಕೆಳಗಿನಿಂದಲೇ ಅವನ ದನಿ ಬಂತು: "ಪೈಪು ತೊಳೀತೀನಿ. ಒಂದು ಆರೇಳು ಲೀಟರು ಒಳ್ಳೇ ಎಥನಾಲ್ ಸಿಕ್ಕಿದ್ರೆ ನಗರ ಮುಟ್ಟಬಹುದು. ಯಾರ ಹತ್ರ ಇದೆ ಹೇಳ್ರಪ್ಪಾ."

ಎವಿಲಾಸಿಯೊ ಸುತ್ತ ನೋಡಿದ. ಬಾಗಿಲಲ್ಲಿ ದೋನಾ ಕಿತೇರಿಯಾ. ಚರ್ಚಿನ ಕಡೆಯಿಂದ ಅವಸರವಾಗಿ ಬಂದ ಪಾದ್ರಿ ಲೀನೊ. ಹಬ್ಬದ ಬಂದೋಬಸ್ತಿಗೆ ನಿಂತಿದ್ದ ಇನ್‌ಸ್ಪೆಕ್ಟರ್. ಎವಿಲಾಸಿಯೊನ ಮುಖದಲ್ಲಿ ಬೆಳಕು ಮೂಡಿತು.

"ಟೀಚರಮ್ಮಾ! ಪಾದ್ರಿಗಳೇ! ಅಕ್ಟೋಬರಿನ ಸರಕು, ಮೇಣ ಹಾಕಿ ಕೊಟ್ಟಿದ್ದೆನಲ್ಲ! ಮೇಣ ಹಾಗೇ ಇದ್ರೆ ಅದು ಕೆಟ್ಟಿರಲ್ಲ ಅಲ್ವಾ ಗುಮೆರ್ಸಿಂದೊ?"

"ತುಂಬಿ ಬಿಗಿಯಾಗಿ ಮುಚ್ಚಿದ್ರೆ ಮೊಮ್ಮಗು ಶಾಲೆಗೆ ಹೋಗೋವರೆಗೂ ಕೆಡಲ್ಲ," ಎಂದಿತು ಕಾರಿನಡಿಯ ಮದುಮಗಳು.

ಮೂವರೂ ನೆಲ ನೋಡಿದರು. ಆ ಮೌನವನ್ನು ಕುರಿತು ನೀತಿಶಾಸ್ತ್ರದ ಪುಸ್ತಕಗಳು ಏನನ್ನೂ ಬರೆದಿಲ್ಲ, ಬರೆಯಬೇಕಾಗಿತ್ತು. ಬಾಟಲನ್ನು ತರುವುದು ಕಷ್ಟವಾಗಿರಲಿಲ್ಲ. ಕುತ್ತಿಗೆಯವರೆಗೆ ತುಂಬಿಕೊಟ್ಟ ಬಾಟಲಿನಲ್ಲಿ ಈಗ ಬಿರಡೆಗೂ ದ್ರವಕ್ಕೂ ನಡುವೆ ಒಂದು ಗುಟುಕಿನಷ್ಟು ಜಾಗವಿತ್ತು. ಬಿಸಿಲಿಗೆ ತಂದರೆ ಅದು ಎಲ್ಲರಿಗೂ ಕಾಣುವಂತಿತ್ತು.

ಮರಿಲ್ಡಾ ಇನ್ನೊಮ್ಮೆ ಕೂಗಿದಳು.

ದೋನಾ ಕಿತೇರಿಯಾ ಒಳಗೆ ಹೋದರು. ಹೊರಬಂದಾಗ ಬಾಟಲನ್ನು ಶಾಲಿನಲ್ಲಿ ಸುತ್ತಿರಲಿಲ್ಲ. ಎರಡು ಕೈಗಳಿಂದ ಎದೆಯ ಎತ್ತರಕ್ಕೆ ಹಿಡಿದು, ಬಹುಮಾನ ವಿತರಣೆಯ ದಿನ ನಡೆಯುವಂತೆ ನೆಟ್ಟಗೆ ನಡೆದುಬಂದರು. ಒಡೆದ ಮೇಣ, ಒಂದು ಗುಟುಕಿನ ಅಂತರ, ಎಲ್ಲವನ್ನೂ ಊರು ನೋಡಿತು. ಯಾರೂ ನಗಲಿಲ್ಲ.

"ನಾನು ರುಚಿ ನೋಡಿದೆ," ಎಂದರು ಅವರು, ತರಗತಿಗೆ ಪಾಠ ಹೇಳುವ ದನಿಯಲ್ಲಿ. "ಸುರೀರಿ."

ಪಾದ್ರಿ ಲೀನೊ ಓಡಿದರು. ನಿಲುವಂಗಿ ಎತ್ತಿ ಹಿಡಿದು ಓಡುವ ಪಾದ್ರಿಯನ್ನು ಊರು ಮೊದಲ ಸಲ ಕಂಡಿತು. ತಿರುಗಿ ಬಂದು ಬಾಟಲು ಕೊಡುತ್ತ, "ಗಂಜಿ ಅಂದಿದ್ದೆ, ಅದು ಗಂಜಿ ಅಲ್ಲ," ಎಂದಷ್ಟೇ ಹೇಳಿದರು.

"ಎರಡು ಲೀಟರಾಯ್ತು," ಎಂದ ಗುಮೆರ್ಸಿಂದೊ ಕೆಳಗಿನಿಂದ. "ಇಷ್ಟರಲ್ಲಿ ಹೊಳೆ ಸೇತುವೇನೂ ದಾಟಲ್ಲ."

ಎಲ್ಲರ ಕಣ್ಣೂ ಇನ್‌ಸ್ಪೆಕ್ಟರರ ಮೇಲೆ ನಿಂತವು. ಅವರು ಬೆಲ್ಟು ಸರಿಮಾಡಿಕೊಂಡರು. "ನನ್ನದು ಸರ್ಕಾರಿ ಮಾದರಿ. ರಾಜಧಾನಿ ಪ್ರಯೋಗಾಲಯಕ್ಕೆ ಹೋಗಿದೆ."

ಆಗ ಕಾರಿನ ಹಿಂದಿನ ಸೀಟಿನಿಂದ, ಎರಡು ನೋವುಗಳ ನಡುವಿನ ಬಿಡುವಿನಲ್ಲಿ, ಮರಿಲ್ಡಾಳ ದನಿ ಸ್ಪಷ್ಟವಾಗಿ ಕೇಳಿಸಿತು. "ಸಾಹೇಬ್ರೇ, ಆ ಪ್ರಯೋಗಾಲಯ ನಿಮ್ಮನೆ ಅಡುಗೆಮನೇಲಿ, ಈರುಳ್ಳಿ ಬುಟ್ಟಿ ಹಿಂದೆ ಇದೆ ಅಂತ ನಿಮ್ಮ ಹೆಂಡ್ತಿ ನನಗೆ ಹೇಳಿದಾರೆ. ಬೇಗ ತನ್ನಿ, ಇಲ್ದಿದ್ರೆ ಈ ಮಗು ನಿಮ್ಮ ಟೋಪಿಯಲ್ಲೇ ಹುಟ್ಟುತ್ತೆ!"

ಐದು ಲೀಟರಿನ ಬುಡ್ಡಿ ಬಂತು. ಅದರಲ್ಲಿ ಎರಡು ಗುಟುಕು ಕಡಿಮೆಯಿತ್ತು. ಮೊದಲನೆಯದನ್ನು ನಂಬದೆ ಎರಡನೆಯದನ್ನು ತೆಗೆದುಕೊಂಡಿದ್ದರು, ತನಿಖೆಯೆಂದರೆ ಹಾಗೆ.

ಎಂಜಿನ್ ಮೊದಲ ತಿರುವಿಗೇ ಹತ್ತಿತು. ಎವಿಲಾಸಿಯೊ ಸ್ಟಿಯರಿಂಗ್ ಹಿಡಿದು, ಕಿಟಕಿಯಿಂದ ತಲೆ ಹಾಕಿ ಕೆಸರು ಮೆತ್ತಿದ ಮದುಮಗಳನ್ನು ನೋಡಿದ. "ಗುಮೆರ್ಸಿಂದೊ, ನಿಮ್ಮವ್ವನ ವಿಷಯ—"

"ಮೊದಲು ಹೋಗಣ್ಣಾ. ಬೈಗುಳ ಎಲ್ಲೂ ಹೋಗಲ್ಲ, ಬಿಗಿಯಾಗಿ ಮುಚ್ಚಿಟ್ಟಿರ್ತೀನಿ."

ಇನ್‌ಸ್ಪೆಕ್ಟರ್ ಸೀಟಿ ಊದುತ್ತ ಜನರನ್ನು ಬದಿಗೆ ಸರಿಸಿದರು. ಕಬ್ಬಿನ ನಡುವೆ ಕಾರು ಮರೆಯಾಗುವವರೆಗೆ ಊರು ನಿಂತು ನೋಡಿತು. ಸಂಜೆಯ ಹೊತ್ತಿಗೆ ನಗರದಿಂದ ಫೋನು ಬಂತು: ಹೆಣ್ಣುಮಗು, ಇಬ್ಬರೂ ಕ್ಷೇಮ.

ಎವಿಲಾಸಿಯೊ ತನ್ನ ಮಾತು ಉಳಿಸಿಕೊಂಡ. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಬಚ್ಚಿಟ್ಟೆ, ಸುಳ್ಳು ಹೇಳಿದೆ, ಗುಮೆರ್ಸಿಂದೊನ ತಾಯಿಯನ್ನು ಬಸ್ಸಿನಲ್ಲಿ ನಿಲ್ಲಿಸಿದೆ ಎಂದು ಹೇಳಿದ. ಗುಮೆರ್ಸಿಂದೊ ಮುಚ್ಚಿಟ್ಟಿದ್ದ ಬೈಗುಳವನ್ನು ಅಲ್ಲಿಯೇ ತೆರೆದ. ಅದೂ ಸತ್ವ ಕಳೆದುಕೊಂಡಿರಲಿಲ್ಲ. ಪೀಪಾಯಿಯನ್ನು ಅವನೇ ನಡುವೆ ಕೊಯ್ದು ಎರಡು ಮಾಡಿದ; ಒಂದರಲ್ಲಿ ದೋನಾ ಒಲಿಂಪಿಯಾ ಗುಲಾಬಿ ನೆಟ್ಟಳು, ಇನ್ನೊಂದು ಅವನ ತಾಯಿಯ ಅಂಗಳಕ್ಕೆ ಹೋಯಿತು.

ಮಗುವಿನ ನಾಮಕರಣದ ದಿನ ಎಲ್ಲರನ್ನೂ ಮನೆಗೆ ಕರೆದಿದ್ದರು. ಅತಿಥಿಗಳಿಗೆ ಎವಿಲಾಸಿಯೊ ತಾನೇ ತಟ್ಟೆ ಹಿಡಿದು, ಆಗತಾನೆ ಗಾಣದಿಂದ ತಂದ ಕಬ್ಬಿನ ಹಾಲನ್ನು ಲೋಟಗಳಲ್ಲಿ ಹಂಚಿದ. ದೋನಾ ಕಿತೇರಿಯಾ ಲೋಟ ತೆಗೆದುಕೊಂಡು ಒಂದು ಕ್ಷಣ ಮೂಗಿನ ಹತ್ತಿರ ಹಿಡಿದರು. ಪಕ್ಕದಲ್ಲಿ ಪಾದ್ರಿ ಲೀನೊ ಹಾಗೆಯೇ ಹಿಡಿದರು. ಇನ್‌ಸ್ಪೆಕ್ಟರ್ ಎರಡು ಸಲ ಮೂಸಿದರು. ಮೂವರೂ ಒಬ್ಬರನ್ನೊಬ್ಬರು ನೋಡಿ, ಯಾರೂ ಕುಡಿಯದೆ, ಗಂಭೀರವಾಗಿ ನಿಂತರು.

ಎವಿಲಾಸಿಯೊ ತಟ್ಟೆಯನ್ನು ಮೇಜಿನ ಮೇಲಿಟ್ಟು, ಒಂದು ಲೋಟ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಂತೆ ತಳದವರೆಗೂ ಕುಡಿದು, ಖಾಲಿ ಲೋಟವನ್ನು ಬೋರಲು ಹಾಕಿ ತೋರಿಸಿದ.

ಆಮೇಲೆ ಊರಿನ ಗಣ್ಯರು ಕುಡಿದರು.